ಕೊಟ್ಟ ಕುರ್ಚಿಯಿಂದ ಆರಿಸಿದ ಕುರ್ಚಿಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸುತ್ತಲಿನ ತೋಟಗಳಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಬೇಕಾದ ಗಾಲಿಕುರ್ಚಿಯೇ ಬೇರೆ, ಜಗಳೂರಿನ ಬಯಲಿನಲ್ಲಿ ಚಿಕ್ಕಂದಿನ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರಿಗೆ ಬೇಕಾದದ್ದೇ ಬೇರೆ. ಬೆನ್ನುಹುರಿಗೆ ಪೂರ್ತಿ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶ ಇರುವುದಿಲ್ಲ. ಕೂರುವ ಮೆತ್ತೆ ಸರಿಯಿಲ್ಲದಿದ್ದರೆ ಒತ್ತಡದ ಹುಣ್ಣಾಗುತ್ತದೆ, ಹುಣ್ಣು ಕೀವಾಗಿ ಪ್ರಾಣಕ್ಕೇ ಬರಬಹುದು. ಪೋಲಿಯೊ ಆದವರಿಗೆ ಸ್ಪರ್ಶವೂ ಇದೆ, ಅನೇಕರಿಗೆ ತೋಳಿನ ಬಲವೂ ಇದೆ. ಅವರಿಗೆ ಬೇಕಿರುವುದು ಊರಿಂದ ಸಂತೆಗೆ, ಶಾಲೆಗೆ, ಕೆಲಸಕ್ಕೆ ಹೋಗಬಲ್ಲ ಸಾಧನ. ಸರ್ಕಾರದ ಹಣದಲ್ಲಿ ಸಿಗುವ ಗಾಲಿಕುರ್ಚಿಯನ್ನು ಯಾರು ಆರಿಸಬೇಕು, ಯಾರ ಹತ್ತಿರ ಪಡೆಯಬೇಕು ಎಂಬ ಪ್ರಶ್ನೆ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಮೊದಲು ಕುರ್ಚಿ ಬೇಕಿತ್ತು

1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಎಂಜಿನಿಯರ್ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರಲ್ಲಿ ಮಡಚುವ ಉಕ್ಕಿನ ಗಾಲಿಕುರ್ಚಿ ಮಾಡಿದರು. ಇವತ್ತು ನಮ್ಮ ಆಸ್ಪತ್ರೆಗಳ ಪಡಸಾಲೆಯಲ್ಲಿ ಕಾಣುವ ಕುರ್ಚಿ ಬಹುಮಟ್ಟಿಗೆ ಅದರ ವಂಶದ್ದು. ನುಣುಪಾದ ನೆಲದ ಮೇಲೆ ರೋಗಿಯನ್ನು ಮತ್ತೊಬ್ಬರು ತಳ್ಳಿಕೊಂಡು ಹೋಗಲು ಅದು ಅನುಕೂಲ. ಕಾಲುವೆ ಏರಿ, ಹೊಲದ ದಾರಿ, ಹೊಸ್ತಿಲು ದಾಟುವ ದಿನನಿತ್ಯದ ಬದುಕಿಗೆ ಅಲ್ಲ.

ಭಾರತದಲ್ಲಿ ಸರ್ಕಾರ ಮೊದಲು ಎದುರಿಸಿದ್ದು ಕುರ್ಚಿಯ ಕೊರತೆಯನ್ನು. ಕೃತಕ ಅಂಗ ಮತ್ತು ಸಾಧನಗಳ ತಯಾರಿಕೆಗೆಂದು 1972ರಲ್ಲಿ ಕಾನ್ಪುರದಲ್ಲಿ ಅಲಿಮ್ಕೊ ಸ್ಥಾಪನೆಯಾಯಿತು. ಅದರ ಪೂರಕ ಘಟಕವೊಂದು ಬೆಂಗಳೂರಿನಲ್ಲಿಯೂ ಇದೆ. 1981ರಲ್ಲಿ ಕೇಂದ್ರ ಸರ್ಕಾರ ಅಡಿಪ್ ಯೋಜನೆ ತಂದಿತು. ಶೇ 40ರಷ್ಟು ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ, ಆದಾಯದ ಮಿತಿಯೊಳಗೆ, ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಾಧನ ಸಿಗತೊಡಗಿತು. 2022ರ ಪರಿಷ್ಕರಣೆಯ ನಂತರ ತಿಂಗಳಿಗೆ 22,500 ರೂಪಾಯಿವರೆಗಿನ ಆದಾಯದವರಿಗೆ ಪೂರ್ಣ ನೆರವು, 30,000ದವರೆಗೆ ಅರ್ಧ ನೆರವು.

ಈ ಯೋಜನೆಯ ಉಪಕಾರ ಸಣ್ಣದಲ್ಲ. ಆದರೆ ಅದರ ಹಣ ಹೋಗುವುದು ಅನುಷ್ಠಾನ ಸಂಸ್ಥೆಗಳಿಗೆ. ತಾಲ್ಲೂಕು ಕೇಂದ್ರದಲ್ಲಿ ತಪಾಸಣಾ ಶಿಬಿರ ನಡೆಯುತ್ತದೆ, ಹೆಸರು ಬರೆದುಕೊಳ್ಳುತ್ತಾರೆ, ಮುಂದೊಂದು ದಿನ ವಿತರಣಾ ಸಮಾರಂಭ. ಶಿಬಿರಕ್ಕೆ ಯಾವ ಸಂಸ್ಥೆ ಬಂತೋ ಅದರ ಕುರ್ಚಿಯೇ ಎಲ್ಲರಿಗೂ. ಚನ್ನಗಿರಿಯವರಿಗೆ ಬೇರೆ ಕಡೆ ಹೋಗಿ ಅದೇ ಹಣಕ್ಕೆ ಬೇರೆ ಕುರ್ಚಿ ಕೇಳುವ ದಾರಿಯಿಲ್ಲ.

ಕುರ್ಚಿಯಿಂದ ಸೇವೆಗೆ

ಕುರ್ಚಿ ಕೈಸೇರಿದರೆ ಕೆಲಸ ಮುಗಿಯಲಿಲ್ಲ ಎಂಬ ಅರಿವು ಬಂದದ್ದು ಬಳಕೆದಾರರ ಮತ್ತು ಸ್ವಯಂಸೇವಾ ಸಂಸ್ಥೆಗಳ ಕಡೆಯಿಂದ. ಕರ್ನಾಟಕಕ್ಕೆ ಇದರಲ್ಲಿ ಹೆಮ್ಮೆಯ ಪಾಲಿದೆ. ಸ್ವತಃ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದರು. 1994ರಲ್ಲಿ ಅಲ್ಲಿಯೇ ಶುರುವಾದ ಮೊಬಿಲಿಟಿ ಇಂಡಿಯಾ, ಸಾಧನ ಕೊಡುವುದರ ಜೊತೆಗೆ ಅದನ್ನು ಅಳೆದು ಹೊಂದಿಸುವವರನ್ನೂ ತರಬೇತು ಮಾಡಿತು.

ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ಈ ಸೇವೆಯನ್ನು ಎಂಟು ಹಂತಗಳಾಗಿ ವಿವರಿಸಿತು: ಕಳುಹಿಸಿಕೊಡುವುದು, ತಪಾಸಣೆ, ಯಾವ ಕುರ್ಚಿ ಎಂಬ ನಿರ್ಧಾರ, ಹಣದ ವ್ಯವಸ್ಥೆ, ಕುರ್ಚಿ ಸಿದ್ಧಪಡಿಸುವುದು, ದೇಹಕ್ಕೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲಿನ ದುರಸ್ತಿ ಮತ್ತು ಮರುತಪಾಸಣೆ. 2023ರಲ್ಲಿ ಹೊಸ ಮಾರ್ಗಸೂಚಿಯೂ ಬಂತು. ಒಂದೇ ದಿನ ನೂರಾರು ಜನ ಸೇರುವ ಶಿಬಿರದಲ್ಲಿ ಈ ಎಂಟೂ ಹಂತಗಳನ್ನು ಒಬ್ಬೊಬ್ಬರಿಗೂ ಸರಿಯಾಗಿ ಮಾಡಿ ಮುಗಿಸಲು ಆಗದು. ಕೊನೆಯ ಹಂತವಂತೂ ಶಿಬಿರ ಎದ್ದು ಹೋದ ಮೇಲೇ ಶುರುವಾಗುವಂಥದ್ದು.

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತ್ತು. ಅದರ 20ನೇ ವಿಧಿಯ ಪ್ರಕಾರ ವ್ಯಕ್ತಿಯ ಚಲನೆ ಅವರು ಆರಿಸಿಕೊಂಡ ರೀತಿಯಲ್ಲಿ, ಆರಿಸಿಕೊಂಡ ಸಮಯದಲ್ಲಿ, ಕೈಗೆಟಕುವ ಬೆಲೆಯಲ್ಲಿ ಸಾಧ್ಯವಾಗಬೇಕು. ಆ ಒಡಂಬಡಿಕೆಯನ್ನು ಜಾರಿಗೊಳಿಸಲೆಂದೇ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಹೀಗೆ ಆಯ್ಕೆ ಎಂಬುದು ದಯೆಯ ಲೆಕ್ಕದಿಂದ ಹಕ್ಕಿನ ಲೆಕ್ಕಕ್ಕೆ ಸೇರಿತು.

ಇಂಗ್ಲೆಂಡಿನ ಪಾಠ

ಆಯ್ಕೆಯನ್ನು ಆಡಳಿತದೊಳಗೆ ತರುವ ಪ್ರಯೋಗ ಇಂಗ್ಲೆಂಡಿನಲ್ಲಿ ಬಹುಕಾಲ ನಡೆದಿದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ 1996ರಲ್ಲಿ ಗಾಲಿಕುರ್ಚಿಗೆ ವೋಚರ್ ಪದ್ಧತಿ ತಂದಿತು. ಸರ್ಕಾರ ಕೊಡುತ್ತಿದ್ದ ಕುರ್ಚಿಯ ಮೌಲ್ಯದಷ್ಟು ವೋಚರ್ ಪಡೆದು, ಮೇಲಿನ ಹಣ ಸೇರಿಸಿ, ಇಷ್ಟದ ಕುರ್ಚಿ ಕೊಳ್ಳಬಹುದಿತ್ತು. ಆದರೆ ಪೂರ್ತಿ ಸ್ವತಂತ್ರವಾಗಿ ಕೊಂಡವರ ಪಾಲಿಗೆ ದುರಸ್ತಿಯ ಹೊರೆಯೂ ಬಂತು. ಮೇಲಿನ ಹಣ ಇಲ್ಲದವರಿಗೆ ಆಯ್ಕೆ ಕಾಗದದ ಮೇಲಷ್ಟೇ ಉಳಿಯಿತು. 2012ರ ಹೊತ್ತಿಗೆ, ಅರ್ಹತೆ ಪಡೆದ ಯಾವುದೇ ಸಂಸ್ಥೆಯಿಂದ ಸೇವೆ ಪಡೆಯಬಹುದೆಂಬ ನೀತಿಯ ಪಟ್ಟಿಯಲ್ಲಿ ಮಕ್ಕಳ ಗಾಲಿಕುರ್ಚಿ ಸೇವೆಯೂ ಸೇರಿತ್ತು. ಮುಂದೆ ವೋಚರಿನ ಜಾಗದಲ್ಲಿ ವೈಯಕ್ತಿಕ ಗಾಲಿಕುರ್ಚಿ ಬಜೆಟ್ ಬಂತು, 2019ರ ಡಿಸೆಂಬರ್ 2ರಿಂದ ಅದು ಕಾನೂನುಬದ್ಧ ಹಕ್ಕಾಯಿತು. ಈ ಬಜೆಟ್ ಶುರುವಾಗುವುದು ವ್ಯಕ್ತಿಯ ತಪಾಸಣೆಯಿಂದ, ಅವರು ಬದುಕಿನಲ್ಲಿ ಏನು ಮಾಡಬಯಸುತ್ತಾರೆ ಎಂಬ ಮಾತುಕತೆಯಿಂದ.

ಕರ್ನಾಟಕಕ್ಕೆ ಹೊಸದಲ್ಲ

ಹಣ ರೋಗಿಯ ಹಿಂದೆ ಹೋಗಬೇಕು ಎಂಬ ತತ್ವ ಕರ್ನಾಟಕಕ್ಕೆ ಪರಿಚಿತ. 2003ರಲ್ಲಿ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ರೈತರು ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ತಮಗೆ ಬೇಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಾಯಿತು. 2010ರ ವಾಜಪೇಯಿ ಆರೋಗ್ಯಶ್ರೀ ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳಿಗೂ ನೋಂದಾಯಿತ ಆಸ್ಪತ್ರೆಗಳ ಬಾಗಿಲು ತೆರೆಯಿತು. ಹೃದಯದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಆರಿಸಬಲ್ಲ ಹೊನ್ನಾಳಿಯ ರೈತರನ್ನು, ದಿನವೆಲ್ಲ ಕೂರಬೇಕಾದ ಕುರ್ಚಿಯ ವಿಷಯದಲ್ಲಿ ಮಾತ್ರ ಆರಿಸಲಾರದವರು ಎಂದು ನೋಡುವುದು ನ್ಯಾಯವಲ್ಲ.

ಆರಿಸಲು ಈಗ ಸರಕೂ ಇದೆ. ಐಐಟಿ ಮದ್ರಾಸಿನಲ್ಲಿ ಬೆಳೆದ ನಿಯೋಮೋಷನ್ ಸಂಸ್ಥೆಯ ನಿಯೋಫ್ಲೈ ಕುರ್ಚಿಯನ್ನು ಬಳಸುವವರ ಅಳತೆಗೆ ಹೊಂದಿಸುತ್ತಾರೆ. ಅದಕ್ಕೆ ನಿಯೋಬೋಲ್ಟ್ ಎಂಬ ಮೋಟಾರು ಜೋಡಿಸಿದರೆ ಅದೇ ಕುರ್ಚಿ ರಸ್ತೆಗಿಳಿಯುತ್ತದೆ. ಬೆಲೆ ಮಾತ್ರ ಶಿಬಿರದ ಕುರ್ಚಿಗಿಂತ ಹಲವು ಪಟ್ಟು.

ನಮ್ಮ ತಾಲ್ಲೂಕುಗಳಲ್ಲಿ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. ಆಯ್ಕೆಯ ಹಕ್ಕು ಬಂದರೆ ಜಿಲ್ಲೆಯ ಗಡಿ ಅದಕ್ಕೆ ಬೇಲಿಯಾಗಬಾರದು.

ಹಾಗೆಂದು ಹಣದ ಚೀಟಿ ಒಂದನ್ನೇ ಕೊಟ್ಟರೆ ಸಾಲದು. ಸುತ್ತ ಒಬ್ಬರೇ ಮಾರಾಟಗಾರರಿದ್ದರೆ, ಅವರಿಗೂ ಅಳತೆ ತೆಗೆಯಲು ಬಾರದಿದ್ದರೆ, ಆಯ್ಕೆಗೆ ಅರ್ಥವಿಲ್ಲ. ಆದ್ದರಿಂದ ಮೊದಲು ತಪಾಸಣೆಯನ್ನು ಮಾರಾಟದಿಂದ ಬೇರ್ಪಡಿಸಬೇಕು. ಅಂಗವಿಕಲರ ಪುನರ್ವಸತಿಗೆಂದು ಇರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲಿಯೇ ಇರುವುದು ಈ ತಾಲ್ಲೂಕುಗಳ ಭಾಗ್ಯ. ಅಲ್ಲಿನ ತಜ್ಞರು ಬರೆದುಕೊಡುವ ಅಳತೆಚೀಟಿ ಯಾವ ನೋಂದಾಯಿತ ಸಂಸ್ಥೆಯಲ್ಲಾದರೂ ನಡೆಯುವಂತಿರಬೇಕು. ಹಣಕ್ಕೆ 2021ರಲ್ಲಿ ಬಂದ ಇ-ರುಪಿಯಂಥ, ನಿಗದಿತ ವ್ಯಕ್ತಿ ನಿಗದಿತ ಉದ್ದೇಶಕ್ಕಷ್ಟೇ ಬಳಸಬಹುದಾದ ವೋಚರ್ ಇದೆ. ಅದರ ಮೊತ್ತ ಅತಿ ಅಗ್ಗದ ಕುರ್ಚಿಗೆ ಸಾಲುವಷ್ಟಿದ್ದರೆ ಸಾಲದು, ಆ ವ್ಯಕ್ತಿಗೆ ಹೊಂದುವ ಕುರ್ಚಿಯ ಬೆಲೆಯಷ್ಟಿರಬೇಕು.

ಇನ್ನು ದುರಸ್ತಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದಾರೆ. ಎಷ್ಟೋ ಮಂದಿ ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಕುರ್ಚಿ ಮೂಲೆ ಸೇರಿದೆ, ಯಾರಿಗೆ ಹುಣ್ಣಾಗಿದೆ ಎಂದು ಅವರಿಗೆ ಗೊತ್ತು. ಪಂಚಾಯಿತಿಗಳು ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇ 5ರ ಹಣದಲ್ಲಿ ಊರಿನ ಸೈಕಲ್ ಶಾಪಿನವರಿಗೆ ತರಬೇತಿ, ಟೈರು-ಟ್ಯೂಬು-ಬೇರಿಂಗು ದಾಸ್ತಾನು, ದುರಸ್ತಿಯ ಕೂಲಿ ಕೊಡುವಂತಾದರೆ ಆಯ್ಕೆ ಗಟ್ಟಿಯಾಗುತ್ತದೆ.

ಐದು ದಶಕಗಳಲ್ಲಿ ಈ ಕ್ಷೇತ್ರ ತಯಾರಿಕೆಯಿಂದ ವಿತರಣೆಗೆ, ವಿತರಣೆಯಿಂದ ಸೇವೆಯ ಅರಿವಿಗೆ ನಡೆದು ಬಂದಿದೆ. ಆಯ್ಕೆಯತ್ತ ಮುಂದಿನ ಹೆಜ್ಜೆ ಇಡಲು ಬೇಕಾದ ಕಾಯ್ದೆ, ಕೇಂದ್ರ, ಕಾರ್ಯಕರ್ತರು ಮೂರೂ ದಾವಣಗೆರೆ ಜಿಲ್ಲೆಯಲ್ಲಿ ಇವೆ. ಒಂದು ತಾಲ್ಲೂಕಿನಲ್ಲಿ ಇದನ್ನು ಪ್ರಯೋಗವಾಗಿ ಆರಂಭಿಸುವುದಾದರೆ, ಬೆನ್ನುಹುರಿಯ ಅಪಾಯ ತೋಟದ ದುಡಿಮೆಯಲ್ಲೇ ಬೆರೆತಿರುವ ಚನ್ನಗಿರಿಗೆ ಮೊದಲ ಸರದಿ ಸಲ್ಲಬೇಕು.