ಮರಳಿನೊಡನೆ ಸಂಧಾನ

ಗಾಲ್ಫ್ ಆಟದ ಚರಿತ್ರೆಯನ್ನು ನಾವು ಗೆದ್ದವರ ಪಟ್ಟಿಯಾಗಿ ಓದುವುದೇ ಹೆಚ್ಚು. ಮರಳುಗುಂಡಿಯೊಳಗೆ ನಿಂತು ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ಕಡಲತಡಿಯ ಮೈದಾನಗಳಿಂದ ಬಂದ ‘ಬಂಕರ್’ ಬಹುಕಾಲ ಆಟಗಾರರನ್ನು ಅಂಜಿಸಿತು. ಅಂದಿನ ‘ನಿಬ್ಲಿಕ್’ ಕ್ಲಬ್ಬಿನ ತೆಳು ಅಂಚು ಮರಳಿನಲ್ಲಿ ಹೂತುಹೋಗುತ್ತಿತ್ತು. ಮರಳನ್ನು ತಪ್ಪಿಸಿ ಚೆಂಡಿಗೇ ಹೊಡೆದರೆ ಅದು ಗುರಿ ಮೀರಿ ಹಾರುತ್ತಿತ್ತು.

ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ಬಡಗಿಯೊಬ್ಬರ ಮಗ ಜೀನ್ ಸಾರಾಜೆನ್. ಬಂಕರಿನಲ್ಲಿ ತಾವು ದುರ್ಬಲರೆಂಬುದನ್ನು ಅವರು ಬಲ್ಲವರಾಗಿದ್ದರು. 1930ರ ದಶಕದ ಆರಂಭದಲ್ಲಿ ಫ್ಲಾರಿಡಾದಲ್ಲಿದ್ದಾಗ ಅವರು ನಿಬ್ಲಿಕ್ಕಿನ ಅಡಿಭಾಗಕ್ಕೆ ಬೆಸುಗೆ ಹಾಕಿ, ಅದರ ಹಿಂಬದಿಯನ್ನು ಮುಂದಿನ ಅಂಚಿಗಿಂತ ತಗ್ಗಿಸಿದರು. ಆಗ ಕ್ಲಬ್ ಮರಳನ್ನು ಅಗೆಯದೆ ಜಾರಿಕೊಂಡು ಸಾಗಿತು. ಚೆಂಡಿನ ಒಂದೆರಡು ಅಂಗುಲ ಹಿಂದಿನ ಮರಳಿಗೆ ಹೊಡೆದು, ತೋಳಿನ ಬೀಸನ್ನು ನಡುವೆ ತಡೆಯದೆ ಪೂರೈಸಿದರೆ, ಚಿಮ್ಮಿದ ಮರಳೇ ಚೆಂಡನ್ನು ಹೊತ್ತು ಹೊರತರುತ್ತಿತ್ತು.

1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ಅವರು 283 ಹೊಡೆತಗಳಲ್ಲಿ ಓಪನ್ ಪ್ರಶಸ್ತಿ ಗೆದ್ದರು. ಅದೇ ವರ್ಷ ಅಮೆರಿಕದ ಓಪನ್ನೂ ಅವರದಾಯಿತು. ಇಂದಿನ ‘ಸ್ಯಾಂಡ್ ವೆಜ್’ ಆ ಕ್ಲಬ್ಬಿನ ಸಂತತಿಯೇ. ಬಂಕರಿನಲ್ಲಿ ಚೆಂಡನ್ನೇ ದಿಟ್ಟಿಸುತ್ತ ಕಂಗೆಡುವ ಆಟಗಾರರಿಗೆ ಈ ಚರಿತ್ರೆಯಲ್ಲೇ ಪಾಠವಿದೆ: ಅಲ್ಲಿ ಹೊಡೆಯಬೇಕಾದುದು ಚೆಂಡನ್ನಲ್ಲ, ಮರಳನ್ನು.