ದೇವಾಲಯಕ್ಕಿಂತ ಹಳೆಯ ಪ್ರಾರ್ಥನಾಮಂದಿರ: ನಮ್ಮ ಸೀಮೆಯ ಕ್ರೈಸ್ತ ಗೃಹಜೀವನ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನೂರು ವರ್ಷಗಳ ಕಾಲ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅಸ್ತಿಭಾರದ ಕಲ್ಲಿಟ್ಟವರ ಹೆಸರು, ಗಂಟೆಗೋಪುರ ಎತ್ತಿಸಿದವರ ಹೆಸರು ದಾಖಲೆಗಳಲ್ಲಿವೆ. ಆದರೆ ಈ ದೇವಾಲಯದ ಗೋಡೆ ಏಳುವುದಕ್ಕೆ ಎಷ್ಟೋ ಮೊದಲೇ ನಮ್ಮ ಸೀಮೆಯಲ್ಲಿ ಪ್ರಾರ್ಥನಾಮಂದಿರಗಳಿದ್ದವು. ಅವುಗಳಿಗೆ ಗೋಪುರವಿರಲಿಲ್ಲ, ಗಂಟೆಯಿರಲಿಲ್ಲ. ಅವು ನಮ್ಮ ಪೂರ್ವಿಕರ ಮನೆಗಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕ್ರೈಸ್ತ ಕುಟುಂಬಗಳು ದಿನನಿತ್ಯದ ದುಡಿಮೆ, ಊಟ, ವಿನೋದಗಳ ನಡುವೆ ವಿಶ್ವಾಸವನ್ನು ಹೇಗೆ ಉಳಿಸಿಕೊಂಡು ಬಂದವು ಎಂಬುದನ್ನು ನೆನೆಯುವುದು ಈ ಲೇಖನದ ಉದ್ದೇಶ.

ಮೊದಲು ಇತಿಹಾಸದ ಕಡೆಗೆ ಒಂದು ನೋಟ ಹರಿಸೋಣ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಜ್ಞಾನೋಪದೇಶವನ್ನು ರಚಿಸಿದ ಮಹನೀಯರು ಅವರು. ಅವರ ನಂತರ ಬಂದ ಗುರುಗಳ ಕಾಲದಲ್ಲಿ ಸುವಾರ್ತೆಯು ಕಾನಕಾನಹಳ್ಳಿ ಎಂದು ಆಗ ಕರೆಯಲಾಗುತ್ತಿದ್ದ ಕನಕಪುರದ ಸೀಮೆಗೂ ಹಬ್ಬಿತು. ಆದರೆ 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದಾಗ ಮಿಷನ್ನು ಅನಾಥವಾಯಿತು. ಅದರ ಬೆನ್ನಿಗೇ ಯುದ್ಧಗಳು ಬಂದವು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಮಾಗಡಿಯ ಸಾವನದುರ್ಗವನ್ನು ಮುತ್ತಿ ಹಿಡಿಯಿತು. ದಂಡು ಹೋದ ದಾರಿಯ ಹಳ್ಳಿಗಳು ಕಷ್ಟಕ್ಕೀಡಾದವು.

1799ರ ನಂತರ ಫ್ರಾನ್ಸಿನ ಗುರು ಅಬ್ಬೆ ದುಬುವಾ ಅವರು ಮೈಸೂರು ಸೀಮೆಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಇಲ್ಲಿನ ಜನರಂತೆಯೇ ಉಟ್ಟು ಉಂಡು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದ ಅವರ ಸೇವೆ ಸ್ಮರಣೀಯವಾದುದು. ಆದರೂ 1823ರಲ್ಲಿ ಸ್ವದೇಶಕ್ಕೆ ಮರಳಿ ಪ್ರಕಟಿಸಿದ ಪತ್ರಗಳಲ್ಲಿ, ಈ ನಾಡಿನಲ್ಲಿ ಕ್ರೈಸ್ತಧರ್ಮ ಬೇರೂರುವ ಭರವಸೆ ತಮಗಿಲ್ಲವೆಂದು ಅವರು ನಿರಾಶೆಯಿಂದ ಬರೆದರು. ಮೂವತ್ತು ವರ್ಷಗಳ ಅನುಭವಿಯ ಆ ಮಾತು ಸುಳ್ಳಾಯಿತು. ಏಕೆ ಸುಳ್ಳಾಯಿತು? ಗುರುಗಳಿಲ್ಲದ ದಶಕಗಳಲ್ಲಿ ವಿಶ್ವಾಸದ ದೀಪಕ್ಕೆ ಎಣ್ಣೆ ಎರೆದವರು ಯಾರು? ಇದಕ್ಕೆ ಉತ್ತರವನ್ನು ಹುಡುಕಬೇಕಾದುದು ಮನೆಯ ಒಳಕೋಣೆಯಲ್ಲಿ.

ಗುರುಗಳಿಲ್ಲದೆಡೆ ಮರಣಾಪತ್ತಿನಲ್ಲಿರುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ನೀಡಬಹುದೆಂಬುದು ಧರ್ಮಸಭೆಯ ನಿಯಮ. ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ಹತ್ತು ಕಟ್ಟಳೆ, ಇವು ಓದುಬರಹ ಅರಿಯದ ತಾಯಂದಿರ ಬಾಯಿಂದ ಮಕ್ಕಳ ಬಾಯಿಗೆ ಇಳಿದು ಬಂದವು. ನಮ್ಮ ಹಿರಿಯರ ಹೆಸರುಗಳೂ ಒಂದು ಬಗೆಯ ಇತಿಹಾಸವೇ. ಸಂತ ಪೇತ್ರರು ರಾಯಪ್ಪನಾದರು, ಪೌಲರು ಚಿನ್ನಪ್ಪನಾದರು, ಯೊವಾನ್ನರು ಅರುಳಪ್ಪನಾದರು, ಇಗ್ನಾಸಿಯವರು ಇನ್ನಾಸಪ್ಪನಾದರು, ಫ್ರಾನ್ಸಿಸ್ ಕ್ಸೇವಿಯರರು ಚೌರಪ್ಪನಾದರು. ದೂರದೇಶದ ಸಂತರು ನಮ್ಮ ಮನೆಯ ಮಕ್ಕಳಾಗಿ ತೊಟ್ಟಿಲಲ್ಲಿ ಮಲಗಿದರು.

ಮುಂದೆ 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಪ್ರತ್ಯೇಕಗೊಂಡು, 1953ರಲ್ಲಿ ಮಹಾಧರ್ಮಕ್ಷೇತ್ರದ ಸ್ಥಾನ ಪಡೆಯಿತು. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡತೊಡಗಿ, ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ಗುರುಗಳು ಬಂದುಹೋಗುವುದು ಸುಲಭವಾಯಿತು. ಕನಕಪುರ, ಮಾಗಡಿಗಳ ಹಳ್ಳಿಗಳಿಗಾದರೋ ಕುದುರೆ, ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆಯೇ ಗತಿ. ಗುರುಗಳು ಬಂದಾಗ ಪೂಜೆ, ಪಾಪನಿವೇದನೆ, ಮದುವೆ. ಅವರು ಮುಂದಿನ ಊರಿಗೆ ಹೊರಟ ಮೇಲೆ ಮತ್ತೆ ಮನೆಯ ಪ್ರಾರ್ಥನೆಯೇ ಆಧಾರ.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ದೇವಾಲಯದಲ್ಲಿ ಪೂಜೆ ನಡೆಯುತ್ತಿದ್ದುದು ಲತೀನಿನಲ್ಲಿ. ಮಿಷನ್ನಿನ ಗುರುಗಳು ಕನ್ನಡದಲ್ಲಿ ಪರಿಶ್ರಮವಿದ್ದವರೇ. 1861ರಲ್ಲಿಯೇ ಲತೀನ್-ಕನ್ನಡ ನಿಘಂಟೊಂದು ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂದಿತ್ತು. ಆದರೆ ಬಲಿಪೀಠದ ಭಾಷೆ ಬದಲಾಗಲು ಎರಡನೆಯ ವತಿಕಾನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಶಾಸನವನ್ನು ಹೊರಡಿಸುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮ ಜನ ದೇವರೊಡನೆ ಕನ್ನಡದಲ್ಲಿ ಮನಬಿಚ್ಚಿ ಮಾತನಾಡಿದ್ದು ಹೆಚ್ಚಾಗಿ ಮನೆಯಲ್ಲಿಯೇ.

ಆ ಮನೆಗಳ ದಿನಚರಿ ಹೇಗಿತ್ತು? ರಾಗಿ, ಅವರೆ, ಹಿಪ್ಪುನೇರಳೆಗಳ ಸೀಮೆ ನಮ್ಮದು. 1910ರ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞರೊಬ್ಬರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆಯಿತು. ಇಂದು ರಾಮನಗರದ ಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರಾಗಿದೆ. ಆದರೆ ಬಹುಪಾಲು ರೈತರಿಗೆ ಹುಳು ಸಾಕಣೆಗೆ ಬೇರೆ ಮನೆಯಿರಲಿಲ್ಲ; ವಾಸದ ಮನೆಯೇ ಹುಳುವಿನ ಮನೆ. ಮೊಟ್ಟೆ ಒಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ, ನಡುವೆ ನಾಲ್ಕು ಜ್ವರ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಹಗಲಿರುಳೂ ಮೇಯುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಆ ಸದ್ದು ಎಲೆಯ ಮೇಲೆ ಸೋನೆಮಳೆ ಬಿದ್ದಂತೆ ಕೇಳುತ್ತದೆ.

ನಮ್ಮ ಮನೆಯಲ್ಲಿಯೂ ಹಾಗೆಯೇ. ಪಡಸಾಲೆಯ ತುಂಬ ತಟ್ಟೆಗಳು, ಮೂಲೆಯಲ್ಲಿ ಚಂದ್ರಿಕೆಗಳು, ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ. ಹುಳುವಿಗೆ ಹೊಗೆ ಆಗದೆಂದು ಆ ದಿನಗಳಲ್ಲಿ ಸಾಂಬ್ರಾಣಿ ಹಾಕುತ್ತಿರಲಿಲ್ಲ; ಜಪಸರಕ್ಕೆ ಎಲ್ಲರೂ ಜಗುಲಿಗೆ ಬರುತ್ತಿದ್ದೆವು. ಒಮ್ಮೆ ಹುಳು ಹಣ್ಣಾಗುವ ವೇಳೆಯಲ್ಲಿ, ಇಂದೊಂದು ದಿನ ಜಪ ಬಿಡೋಣವೆಂದು ಚಿಕ್ಕಪ್ಪ ಹೇಳಿದರು. ಅಜ್ಜಿ ಸೊಪ್ಪಿನ ಕುಕ್ಕೆ ಕೆಳಗಿಟ್ಟು, “ಹುಳೀಗೆ ಹೊತ್ತುಹೊತ್ತಿಗೂ ಸೊಪ್ಪು ಹಾಕೋ ಕೈಗೆ ದೇವರ ಮುಂದೆ ಒಂದು ಹೊತ್ತು ಮುಗಿಯಕ್ಕೆ ಬಿಡುವಿಲ್ವೇನಪ್ಪ?” ಎಂದರು. ಆ ರಾತ್ರಿ ಸೊಪ್ಪು ಹರಡುತ್ತಲೇ ಜಪ ನಡೆಯಿತು. ಒಂದು ತಟ್ಟೆಯಿಂದ ಅಜ್ಜಿಯ ನಮೋ ಮರಿಯಾ, ಇನ್ನೊಂದು ತಟ್ಟೆಯಿಂದ ನಮ್ಮ ಉತ್ತರ.

ಅಡುಗೆಮನೆಗೂ ಧರ್ಮಸಭೆಯ ಪಂಚಾಂಗಕ್ಕೂ ಬಿಡಿಸಲಾಗದ ನಂಟಿತ್ತು. ಶುಕ್ರವಾರ ಮಾಂಸವಿಲ್ಲ. ತಪಸ್ಸುಕಾಲದಲ್ಲಿ ಒಗ್ಗರಣೆಯ ಘಮವೂ ತಗ್ಗುತ್ತಿತ್ತು. 1953ರವರೆಗೆ, ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಕುಡಿಯುವಂತಿರಲಿಲ್ಲ. ಆ ವರ್ಷ ಹನ್ನೆರಡನೆಯ ಪಿಯುಸರು ನೀರಿಗೆ ಅನುಮತಿಯಿತ್ತರು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು. ಬರಿ ಹೊಟ್ಟೆಯಲ್ಲಿ ಹಸುಗೂಸನ್ನು ಕಂಕುಳಲ್ಲಿ ಹೊತ್ತು ಹರದಾರಿಗಟ್ಟಲೆ ನಡೆದು ಪೂಜೆಗೆ ಬಂದ ತಾಯಂದಿರ ಭಕ್ತಿಯನ್ನು, ಬೈಕಿನಲ್ಲಿ ಬಂದೂ ಕೀರ್ತನೆ ಮುಗಿದ ಮೇಲೆ ಒಳಸೇರುವ ನಾವು ನೆನೆಯಬೇಕು.

ಕ್ರಿಸ್ತಜಯಂತಿಯೆಂದರೆ ಅವರೆಯ ಸುಗ್ಗಿ. ಮಾಗಡಿಯ ಸೊಗಡವರೆ ಮಾರ್ಗಶಿರದ ಮಂಜಿಗೆ ಬಲಿತು ಬರುವ ಕಾಲಕ್ಕೇ ಬಾಲಯೇಸುವಿನ ಹಬ್ಬ. ಹಿಚುಕಿದವರೆಯ ಸಾರು, ಕಜ್ಜಾಯ, ಕರ್ಜಿಕಾಯಿಗಳು ನೆರೆಮನೆಗಳಿಗೂ ಹೋಗುತ್ತಿದ್ದವು. ಯುಗಾದಿಗೆ ಆ ಮನೆಗಳಿಂದ ಒಬ್ಬಟ್ಟು ಬರುತ್ತಿತ್ತು, ರಂಜಾನಿಗೆ ಮುಸಲ್ಮಾನ ಬಂಧುಗಳ ಮನೆಯಿಂದ ಶಾವಿಗೆ ಪಾಯಸ ಬರುತ್ತಿತ್ತು. ಸೌಹಾರ್ದವೆಂಬ ಮಾತನ್ನು ಭಾಷಣಗಳಲ್ಲಿ ಕೇಳುವ ಮೊದಲೇ ನಮ್ಮ ಮಕ್ಕಳು ಅದನ್ನು ಮುಚ್ಚಿದ ತಟ್ಟೆಯಲ್ಲಿ ಹೊತ್ತು ತಿರುಗಿದ್ದರು.

ಇನ್ನು ಹವ್ಯಾಸಗಳ ಮಾತು. ಇಂದು ನಾವು ಹವ್ಯಾಸವೆನ್ನುವುದನ್ನು ಹಿರಿಯರು ಪೂಜೆಯಿಂದ ಬೇರೆಯಾಗಿ ಕಾಣಲಿಲ್ಲ. ಹಬ್ಬಕ್ಕೆ ಎರಡು ವಾರ ಮುಂಚೆ ಮಕ್ಕಳು ಡಬ್ಬಿಗಳಲ್ಲಿ ರಾಗಿ ಚೆಲ್ಲಿ, ಗೋದಲಿಯ ಸುತ್ತ ಇಡಲು ಹಸಿರು ಪೈರು ಬೆಳೆಸುತ್ತಿದ್ದರು. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಿದ್ದರು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಕುದುರೆ, ಬೊಂಬೆಗಳು ನಮ್ಮ ಗೋದಲಿಯಲ್ಲಿ ಮೂವರು ಜ್ಞಾನಿಗಳ ಜೊತೆಗೆ ನಿಲ್ಲುತ್ತಿದ್ದವು. 1223ರಲ್ಲಿ ಗ್ರೆಚ್ಚೊ ಎಂಬ ಇಟಲಿಯ ಊರಿನಲ್ಲಿ ಸಂತ ಫ್ರಾನ್ಸಿಸರು ಆರಂಭಿಸಿದ ಸಂಪ್ರದಾಯವು ನಮ್ಮ ಸೀಮೆಯ ಬಣ್ಣ ತಳೆದುದು ಹೀಗೆ.

ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ಅರ್ಕಾವತಿಯ ತೀರದ ಈ ಹಳೆಯ ಕಥೋಲಿಕ ಗ್ರಾಮದಲ್ಲಿ ಯೇಸುಸ್ವಾಮಿಯ ಪಾಡುಗಳನ್ನು ‘ಮಹಿಮೆ’ ಎಂಬ ಹೆಸರಿನಿಂದ ಆಡಿ ತೋರಿಸುವ ಸಂಪ್ರದಾಯವಿದೆ. ಶುಭ ಶುಕ್ರವಾರ ಭಕ್ತರು ಕಪಾಲಬೆಟ್ಟವನ್ನು ಏರುತ್ತಾರೆ. ಇಂತಹ ಆಟವಾಡಲು ಹೊಲಗೆಲಸ ಮುಗಿಸಿದವರು ಮಾತು ಕಲಿಯಬೇಕು, ಮನೆಯ ಹೆಂಗಸರು ಉಡುಪು ಹೊಂದಿಸಬೇಕು, ಹಾರ್ಮೋನಿಯಂ, ಮೃದಂಗಗಳ ಶ್ರುತಿ ಕೂಡಬೇಕು. ಶುಭಸಂದೇಶವನ್ನು ಓದಲಾರದವರೂ ಅದನ್ನು ಕಂಠಪಾಠವಾಗಿ ಬಲ್ಲವರಾದುದು ಇಂತಹ ಆಟಗಳಿಂದ.

ಹಿಂದಿನದೆಲ್ಲವೂ ಸುವರ್ಣವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹೆಣ್ಣುಮಕ್ಕಳನ್ನು ಬೇಗನೆ ಶಾಲೆಯಿಂದ ಬಿಡಿಸಿ ಹುಳುವಿನ ತಟ್ಟೆಯ ಮುಂದೆ ಕೂರಿಸಿದ ಮನೆಗಳಿದ್ದವು. ಹೆಂಡದಲ್ಲಿ ಗೂಡಿನ ದುಡ್ಡು ಕರಗಿ, ಜಪಸರದ ವೇಳೆಗೆ ಬೈಗುಳ ಕೇಳಿಬಂದ ಮನೆಗಳೂ ಇದ್ದವು. ಅಂತಹ ಮನೆಗಳಲ್ಲಿಯೂ ತಾಯಿಯೊಬ್ಬಳು ಮಕ್ಕಳನ್ನು ಮೊಣಕಾಲೂರಿಸಿದ್ದರಿಂದಲೇ ಎಷ್ಟೋ ಮಕ್ಕಳು ದಾರಿ ತಪ್ಪಲಿಲ್ಲ.

ನಮ್ಮ ಅಜ್ಜಿ ಜಪಸರ ಮುಗಿದ ಮೇಲೆ ಮನೆತನದಲ್ಲಿ ಗತಿಸಿದವರ ಹೆಸರನ್ನು ಒಂದೊಂದಾಗಿ ಹೇಳಿ, ಪ್ರತಿಯೊಬ್ಬರಿಗೂ ಒಂದು ಪರಲೋಕ ಪ್ರಾರ್ಥನೆ ಹೇಳಿಸುತ್ತಿದ್ದರು. ಐದು ತಲೆಮಾರಿನ ಹೆಸರುಗಳು ಅವರ ನಾಲಗೆಯ ಮೇಲಿದ್ದವು. ನಿದ್ದೆ ತೂಗುತ್ತಿದ್ದ ನಮಗೆ ಆ ಪಟ್ಟಿ ಯಾವಾಗ ಮುಗಿಯುವುದೋ ಎನಿಸುತ್ತಿತ್ತು. ಅಜ್ಜಿಯ ನಂತರ ಅಪ್ಪ ಮೂರು ತಲೆಮಾರಿನ ಹೆಸರು ಹೇಳಿದರು. ನನಗೆ ಎರಡು ಗೊತ್ತು. ಹೊತ್ತಾರೆಯೇ ರೈಲು ಹತ್ತಿ ಬೆಂಗಳೂರಿಗೂ, ಬಸ್ಸು ಹತ್ತಿ ಬಿಡದಿಯ ಕಾರ್ಖಾನೆಗಳಿಗೂ ಹೋಗಿ ರಾತ್ರಿ ಹಿಂದಿರುಗುವ ನನ್ನ ಮಕ್ಕಳಿಗೆ ಒಂದೂ ಪೂರ್ತಿಯಾಗಿ ತಿಳಿಯದು. ಇದು ಅವರ ತಪ್ಪಲ್ಲ. ಬರೆದಿಟ್ಟುಕೊಳ್ಳದೆ ಹೋದದ್ದು ನನ್ನ ತಪ್ಪು.

ವತಿಕಾನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆಯಿತು. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬವನ್ನು ಕುರಿತ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ಅದನ್ನೇ ವಿಸ್ತರಿಸಿದರು. ಆ ಮಾತು ನಮ್ಮ ಪೂರ್ವಿಕರಿಗೆ ಹೊಸದಾಗಿ ತೋರುತ್ತಿರಲಿಲ್ಲ. ಗುರುಗಳಿಲ್ಲದ ಕಾಲದಲ್ಲಿ ಅವರು ಅದನ್ನು ಬಾಳಿ ತೋರಿಸಿದ್ದರು. ಇಂದು ನಮಗೆ ಗುರುಗಳಿದ್ದಾರೆ, ಭಾನುವಾರದ ಪೂಜೆ ಕನ್ನಡದಲ್ಲಿದೆ. ಸಂಜೆಯ ಮನೆ ಮಾತ್ರ ಮೌನವಾಗುತ್ತಿದೆ. ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಮೊಬೈಲಿನ ಮುಂದೆ ಕುಳಿತಿರುವುದನ್ನು ನಾವು ದಿನವೂ ಕಾಣುತ್ತೇವೆ.

ಆದುದರಿಂದ ಸಹೋದರ ಸಹೋದರಿಯರಲ್ಲಿ ನನ್ನದೊಂದು ವಿನಮ್ರ ಬಿನ್ನಹ. ಈ ಶತಮಾನೋತ್ಸವದ ನೆನಪಿಗಾಗಿ ಪ್ರತಿ ಮನೆಯವರೂ ಒಂದು ನೋಟ್‌ಪುಸ್ತಕ ತೆರೆಯಲಿ. ಗತಿಸಿದ ಹಿರಿಯರ ಹೆಸರುಗಳನ್ನೂ, ಅಜ್ಜ ಅಜ್ಜಿಯರು ಇನ್ನೂ ಹೇಳಬಲ್ಲ ಹಳೆಯ ಪ್ರಾರ್ಥನೆಗಳನ್ನೂ ಅವರ ಬಾಯಿಂದ ಕೇಳಿ ಅದರಲ್ಲಿ ಬರೆದಿಡಲಿ. ಪೂರ್ತಿ ಜಪಸರ ಸಾಧ್ಯವಾಗದಿದ್ದರೆ ಒಂದೇ ರಹಸ್ಯವನ್ನಾದರೂ ಎಲ್ಲರೂ ಕೂಡಿ ಹೇಳಲಿ. ಕೊನೆಗೆ ಆ ಹೆಸರುಗಳಲ್ಲಿ ಒಂದನ್ನು ಮನೆಯ ಅತಿ ಕಿರಿಯ ಮಗು ಗಟ್ಟಿಯಾಗಿ ಓದಲಿ.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರು ಅಂತಹ ಮನೆಗಳಿಂದಲೇ ಹೊರಟು ಬಂದಿದ್ದರು. ಅವರ ಆತ್ಮಗಳಿಗೆ ದೇವರು ನಿತ್ಯಶಾಂತಿಯನ್ನು ದಯಪಾಲಿಸಲಿ. ಮಾತೆ ಮರಿಯಮ್ಮನವರ ಆಶ್ರಯ ನಮ್ಮೆಲ್ಲರ ಕುಟುಂಬಗಳ ಮೇಲೆ ಸದಾ ಇರಲಿ.