ಗಾಯದ ಅಳತೆ, ಅನ್ನದ ಅಳತೆ

ಕೂಲಿಕಾರನ ಗಾಯವನ್ನು ವೈದ್ಯರು ಅಳೆಯಬಲ್ಲರು. ಆ ಗಾಯದಿಂದ ಅವನ ಮನೆಯ ಒಲೆ ಎಷ್ಟು ತಣ್ಣಗಾಯಿತೆಂಬುದನ್ನು ಅಳೆಯುವವರು ಯಾರು? ಕಾರ್ಮಿಕ ಪರಿಹಾರದ ಮೊಕದ್ದಮೆಗಳು ಮೇಲ್ಮನವಿಯ ಮೆಟ್ಟಿಲೇರಿದಾಗಲೆಲ್ಲ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

ಕಾರ್ಮಿಕ ಪರಿಹಾರ ಕಾಯಿದೆ 1923ರಲ್ಲಿ ಹುಟ್ಟಿ, 1924ರ ಜುಲೈ 1ರಿಂದ ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂತು. ತಪ್ಪು ಧಣಿಯದೇ ಎಂದು ರುಜುವಾತುಪಡಿಸುವ ಹೊರೆಯನ್ನು ಅದು ಕೂಲಿಕಾರನ ಹೆಗಲಿನಿಂದ ಇಳಿಸಿತು. ಆದರೆ ದೇಹದ ಸಾಕ್ಷ್ಯ ಉಳಿಯಿತು. ಧಣಿ ತನ್ನ ಖರ್ಚಿನಲ್ಲಿ ವೈದ್ಯ ಪರೀಕ್ಷೆ ಮಾಡಿಸಬಹುದಿತ್ತು. ಕೂಲಿಕಾರ ಒಲ್ಲೆನೆಂದರೆ ಪರಿಹಾರ ನಿಲ್ಲುತ್ತಿತ್ತು. ಹೀಗಾಗಿ ಒಂದೇ ದೇಹದ ಮೇಲೆ ಎರಡು ಅಭಿಪ್ರಾಯಗಳಿಗೆ ಎಡೆಯಾಯಿತು.

ಕಾಣದ ಗಾಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ತರುತ್ತಿತ್ತು. ಅಲ್ಲಿ 7,000ಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದ ವರದಿ 1947ರಲ್ಲಿ ಪ್ರಕಟವಾದಾಗ, ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಆ ರೋಗವಿದ್ದುದು ತಿಳಿಯಿತು. ಕ್ಷ-ಕಿರಣದ ಚಿತ್ರದಲ್ಲಿ ಕಂಡ ನೆರಳು ಧೂಳಿನದೋ ಕ್ಷಯದ್ದೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಪರಿಹಾರದ ಹಕ್ಕು ಮಾತ್ರ ಆ ಉತ್ತರವನ್ನೇ ನೆಚ್ಚಿರುತ್ತದೆ.

1975ರಲ್ಲಿ ಒಡಿಶಾದ ಬಡಗಿಯೊಬ್ಬನ ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬಂತು. ಅವನ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಲಾಗಿತ್ತು. ನಷ್ಟ ಭಾಗಶಃ ಮಾತ್ರ ಎಂಬುದು ಧಣಿಯ ವಾದ. ಒಂಟಿ ಕೈಯಲ್ಲಿ ಬಡಗಿತನ ನಡೆಯದು, ನಷ್ಟ ಪೂರ್ಣವೇ ಎಂದ ಪರಿಹಾರ ಆಯುಕ್ತರ ನಿರ್ಣಯವನ್ನು ನ್ಯಾಯಾಲಯ ಎತ್ತಿಹಿಡಿಯಿತು. ದೇಹದ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ ಎಂಬುದು ಅಂದು ಸ್ಪಷ್ಟವಾಯಿತು.

2016ರ ಪ್ರಕರಣ ನಮ್ಮ ನಾಡಿನದೇ. ಆಯುಕ್ತರು ವೈದ್ಯರ ಸಾಕ್ಷ್ಯವನ್ನು ಒಪ್ಪಿ ಗೊತ್ತುಮಾಡಿದ್ದ ಅಂಗವೈಕಲ್ಯದ ಪ್ರಮಾಣವನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಮೇಲ್ಮನವಿಯಲ್ಲಿ ಇಳಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು: ಸಂಗತಿಗಳ ವಿಷಯದಲ್ಲಿ ಆಯುಕ್ತರದೇ ಕೊನೆಯ ಮಾತು, ಮೇಲ್ಮನವಿ ಇರುವುದು ಮಹತ್ವದ ಕಾನೂನಿನ ಪ್ರಶ್ನೆಗೆ ಮಾತ್ರ.

ಈ ತತ್ತ್ವ ಎರಡಲಗಿನ ಕತ್ತಿ. ರೋಣ ತಾಲ್ಲೂಕಿನ ಅಸೂಟಿಯಂಥ ಊರಿನವರಿಗೆ 2008ರಿಂದ ಉಚ್ಚ ನ್ಯಾಯಾಲಯ ಧಾರವಾಡದಲ್ಲೇ ದೊರೆತಿದೆ. ಬೆಂಗಳೂರಿನ ಹಾದಿ ತಪ್ಪಿದೆ. ಆದರೆ ಮೊದಲ ವಿಚಾರಣೆಯಲ್ಲಿ ವೈದ್ಯರ ಬಾಯಿಂದ ಬರಬೇಕಾಗಿದ್ದ ಮಾತು ಬಾರದೆ ಹೋದರೆ, ಹತ್ತಿರದ ಧಾರವಾಡವೂ ದೂರವೇ. 1923ರ ಕಾಯಿದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾದರೂ, ಬಡವನ ನ್ಯಾಯ ಗೆಲ್ಲುವುದೂ ಸೋಲುವುದೂ ಮೊದಲ ಮೆಟ್ಟಿಲಿನಲ್ಲೇ.